ಆಸ್ಪತ್ರೆಯನ್ನೇ ನಂಬದ ಪೆಟ್ಟಿಗೆಯವರಿಗೆ

ನಮ್ಮ ಲಾಂಡ್ರಿಯ ಒಳಗೋಡೆಯಲ್ಲಿ, ಇಸ್ತ್ರಿ ಮೇಜಿನ ಎಡಕ್ಕೆ, ಎರಡು ಮೊಳೆಗಳ ಆಧಾರದಿಂದ ವಾಸವಾಗಿರುವ ಪೆಟ್ಟಿಗೆಯವರ ಸನ್ನಿಧಾನಕ್ಕೆ.

ಮಾನ್ಯರೇ,

ಮೊದಲಿಗೆ ತಮ್ಮ ಎರಡೂ ದೀಪಗಳಿಗೆ, ಬಾಲದಂತೆ ಇಳಿಬಿದ್ದಿರುವ ತಮ್ಮ ತಂತಿಗೆ, ಎಷ್ಟು ಒರೆಸಿದರೂ ಮತ್ತೆ ಹತ್ತಿಯ ಧೂಳು ಕೂರುವ ತಮ್ಮ ನೆತ್ತಿಗೆ ನನ್ನ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ತಮ್ಮ ಹಸಿರು ದೀಪ ಹೇಳುತ್ತಿದೆ. ಆ ದೀಪದ ಮಾತನ್ನು ನಾನು ಈಗ ಎಷ್ಟರಮಟ್ಟಿಗೆ ನಂಬುತ್ತೇನೆ ಎಂಬುದನ್ನು ಮುಂದೆ ವಿನಯದಿಂದ ನಿವೇದಿಸಿಕೊಳ್ಳುತ್ತೇನೆ. ತಮಗೆ ಕನ್ನಡ ಓದಲು ಬಾರದ ಕಾರಣ ಈ ಪತ್ರವನ್ನು ಲಾಂಡ್ರಿಯ ಬಾಗಿಲಿಗೆ ಅಂಟಿಸುತ್ತಿದ್ದೇನೆ, ಬಟ್ಟೆ ಕೊಡಲು ಬಂದವರು ಓದಿಕೊಳ್ಳಲಿ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬಾಯ್ಲರಿನ ಮುಂದೆ ಕೂತವನು. ತಪ್ಪುಗಳಿದ್ದರೆ ತಿದ್ದಿಕೊಂಡು ಓದಿ, ನನಗೆ ಬಂದು ಹೇಳಬೇಡಿ.

ವಿಷಯ ತಿಳಿಯದವರಿಗಾಗಿ ಮೊದಲಿನಿಂದ ಹೇಳುತ್ತೇನೆ. ನಾವು ದೊಡ್ಡಾಸ್ಪತ್ರೆಯ ಆಪರೇಷನ್ ಥಿಯೇಟರಿನ ಹೊದಿಕೆ, ನಿಲುವಂಗಿಗಳನ್ನು ಒಗೆದು, ಉಗಿ ಡ್ರಮ್ಮಿನಲ್ಲಿ ಕ್ರಿಮಿ ಸಾಯುವ ತನಕ ಬೇಯಿಸಿ, ಗಂಟು ಕಟ್ಟಿ ಕಳಿಸುವವರು. ಆ ಗಂಟು ನನ್ನ ತಂಗಿಯ ಕೈಯದು. ಕೈಗವಸು ಹಾಕಿದವರು ಒಂದು ಎಳೆತಕ್ಕೆ ಬಿಚ್ಚಬಹುದು, ಆದರೆ ವ್ಯಾನು ಎಷ್ಟು ಕುಲುಕಿದರೂ ಸಡಿಲವಾಗದು. ಅವಳು ಕಲಿಸಿಕೊಟ್ಟ ಹಾಗೆ ಉಳಿದವರೂ ಕಟ್ಟುತ್ತೇವೆ. ತಾವು ನಮ್ಮ ಗೋಡೆಗೆ ದಯಮಾಡಿಸುವ ಮೊದಲು ಆಸ್ಪತ್ರೆಯ ಸ್ಟೋರಿನ ಮೇಡಂ ದೂರದಿಂದಲೇ ಆ ಗಂಟು ನೋಡಿ ಬಾಗಿಲು ತೆಗೆಸುತ್ತಿದ್ದರು. ಅದು ಅನಾಗರಿಕ ಪದ್ಧತಿ ಎಂದು ಈಗ ತಿಳಿದಿದ್ದೇವೆ.

ಡ್ರಮ್ಮು ಎಷ್ಟು ಕಾಯಿತು, ಎಷ್ಟು ಹೊತ್ತು ಕಾಯಿತು ಎಂಬುದನ್ನು ನಮ್ಮ ಬಾಯಿಂದ ಕೇಳುವುದಕ್ಕಿಂತ ಯಂತ್ರದ ಬಾಯಿಂದ ಕೇಳುವುದು ಲೇಸೆಂದು ಆಸ್ಪತ್ರೆಯವರು ತೀರ್ಮಾನಿಸಿದ ಮೇಲೆ ತಾವು ಬಂದಿರಿ. ಇಲ್ಲಿಂದ ತಾವು ವರದಿ ಹೇಳಬೇಕು, ಅಲ್ಲಿ ಸ್ಟೋರಿನಲ್ಲಿರುವ ತಮ್ಮ ಜೋಡಿ ಪೆಟ್ಟಿಗೆ ಕೇಳಿಸಿಕೊಳ್ಳಬೇಕು, ವರದಿ ಮುಟ್ಟಿದರೆ ಮಾತ್ರ ಗಂಟು ಒಳಗೆ, ಇಲ್ಲದಿದ್ದರೆ ಗಂಟು ಹೊರಗೆ. ತಮ್ಮನ್ನು ಗೋಡೆಗೆ ಹೊಡೆದ ಮೆಕ್ಯಾನಿಕ್, ಎಲ್ಲ ಕೆಲಸಕ್ಕೂ ಐದು ನಿಮಿಷ ಎನ್ನುವುದರಿಂದ ನಾವು ಐದ್ನಿಮಿಷ ಎಂದೇ ಕರೆಯುವವನು, ತಮ್ಮ ಮಡಿವಂತಿಕೆಯನ್ನು ಅಂದೇ ವಿವರಿಸಿದ್ದ. ಮಾತು ಶುರುವಾಗುವ ಮುನ್ನ ಎರಡೂ ಪೆಟ್ಟಿಗೆಗಳು ಒಂದಕ್ಕೊಂದು ಸರ್ಟಿಫಿಕೇಟು ತೋರಿಸಬೇಕಂತೆ; ಅದರಲ್ಲಿ ಹೆಸರು ಸರಿಯಿರಬೇಕು, ಎಂದಿನಿಂದ ಎಂದಿನವರೆಗೆ ನಡೆಯುತ್ತದೆ ಎಂಬ ತಾರೀಕು ಸರಿಯಿರಬೇಕು, ಇಬ್ಬರೂ ಒಪ್ಪುವ ದೊಡ್ಡವರೊಬ್ಬರ ಸಹಿ ಇರಬೇಕು. ಆ ದೊಡ್ಡವರ ಸರ್ಟಿಫಿಕೇಟಿಗೆ ಸಹಿ ಯಾರದು ಎಂದು ಕೇಳಿದೆ. ಅವರಿಗಿಂತ ದೊಡ್ಡವರದು ಎಂದ. ಎಲ್ಲರಿಗಿಂತ ದೊಡ್ಡವರಿಗೆ ಯಾರು ಹಾಕುತ್ತಾರೆ ಎಂದು ಕೇಳಿದೆ. ಅವರ ಸಹಿಯನ್ನು ಅವರೇ ಹಾಕಿಕೊಳ್ಳುತ್ತಾರೆ ಎಂದ. ನನ್ನ ನಡತೆಗೆ ನಾನೇ ಸಹಿ ಹಾಕಿಕೊಂಡು ಹೋಗಿದ್ದರೆ ಈ ಊರಿನಲ್ಲಿ ನನಗೆ ಯಾರೂ ಒಂದು ಕೋಣೆಯನ್ನು ಬಾಡಿಗೆಗೆ ಕೊಡುತ್ತಿರಲಿಲ್ಲ. ಆದರೂ ದೊಡ್ಡವರ ವಿಷಯ ದೊಡ್ಡವರಿಗೆ ಎಂದು ಸುಮ್ಮನಾದೆ.

ವರ್ಷಗಟ್ಟಲೆ ತಾವು ಚೆನ್ನಾಗಿಯೇ ನಡೆದುಕೊಂಡಿರಿ, ಸುಳ್ಳು ಹೇಳಬಾರದು. ಅಷ್ಟರಲ್ಲಿ ನನ್ನ ತಂಗಿಯ ಸೊಂಟದ ಕೀಲು ಸವೆದುಹೋಯಿತು. ಜೀವಮಾನವಿಡೀ ಒದ್ದೆ ನೆಲದ ಮೇಲೆ ನಿಂತು ಮಡಿಚಿದವಳು, ಕಡೆಗೆ ಮೇಜು ಹಿಡಿಯದೆ ನಿಲ್ಲಲಾಗದೆ, ರಾತ್ರಿ ಮಗ್ಗುಲು ಬದಲಿಸಲು ಸೊಸೆಯನ್ನು ಕೂಗುವ ಸ್ಥಿತಿಗೆ ಬಂದಳು. ಕೂಗುವುದಕ್ಕೂ ನಾಚಿಕೊಂಡು ಬೆಳಗಿನ ತನಕ ಒಂದೇ ಮಗ್ಗುಲಲ್ಲಿ ಬಿದ್ದಿರುತ್ತಿದ್ದಳೆಂದು ಸೊಸೆ ಆಮೇಲೆ ಹೇಳಿದಳು. ಕಾದು ಕಾದು ದೊಡ್ಡಾಸ್ಪತ್ರೆಯಲ್ಲಿ ಕೀಲು ಬದಲಿಸಲು ಅವಳಿಗೊಂದು ದಿನ ಸಿಕ್ಕಿತು. ಅವಳನ್ನು ವಾರ್ಡಿಗೆ ಸೇರಿಸಿ ಬಂದ ಮಾರನೆಯ ಬೆಳಿಗ್ಗೆಯೇ ತಾವು ಕೆಂಪು ದೀಪ ಹೊತ್ತಿಸಿ, ಅಂಗೈಯಗಲದ ತಮ್ಮ ಮುಖದ ಮೇಲೆ ಎದುರಿನವರನ್ನು ನಂಬಲಾಗದು ಎಂದು ಬರೆದುಕೊಂಡಿರಿ. ಇಷ್ಟು ಸರಿಯಾದ ಗಳಿಗೆ ಹುಡುಕಲು ತಾವು ಯಾರನ್ನು ಕೇಳಿದಿರೋ ಕಾಣೆ.

ಬೆಂದ ಗಂಟುಗಳು ಆಸ್ಪತ್ರೆಯ ಬಾಗಿಲಲ್ಲಿ ಸಾಲಾಗಿ ಕೂತವು. ಒಳಗಿದ್ದ ಹಳೆಯ ದಾಸ್ತಾನು ತುರ್ತಿನ ರೋಗಿಗಳಿಗೆ ಮೀಸಲಾಯಿತು, ಕೀಲಿನವರು ಕಾಯಬೇಕು ಎಂದರು. ಅಂದರೆ ಅಣ್ಣನ ಲಾಂಡ್ರಿಯ ಬಟ್ಟೆ ಒಳಗೆ ಹೋಗದ ಕಾರಣಕ್ಕೆ ತಂಗಿಯ ಆಪರೇಷನ್ ನಿಂತಿತು. ನಾನು ಸ್ಟೋರಿನ ಮೇಡಂ ಮುಂದೆ ನಿಂತು ಏನು ಮಾತನಾಡಿದೆನೆಂಬುದನ್ನು ಈ ಬಾಗಿಲಿನ ಮೇಲೆ ಬರೆಯುವಂತಿಲ್ಲ, ಮಕ್ಕಳೂ ಓಡಾಡುವ ರಸ್ತೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡು, "ಗಂಟು ನಿಮ್ಮದೇ ಅಂತ ನಂಗೆ ಗೊತ್ತು ಯಜಮಾನ್ರೇ. ಗಂಟು ನೋಡಿ ಬಾಗಿಲು ತೆಗಿಯೋ ಹಾಗಿಲ್ಲ ಈಗ" ಎಂದರು. ನಾನು ಅವರ ಪೆಟ್ಟಿಗೆಗೆ ದೊಡ್ಡಸ್ತಿಕೆ ಬಂದಿದೆ, ನಮ್ಮಂಥವರನ್ನು ಕಂಡರೆ ಅದಕ್ಕೆ ಅಸಡ್ಡೆ ಎಂದು ವಾರ್ಡಿನ ತನಕ ಕೇಳುವಂತೆ ಹೇಳಿ ಬಂದೆ. ಪಕ್ಕದ ಮನೆಯವರ ಮೇಲೆ ಜಗಳಕ್ಕೆ ಹೋಗುವ ಮುನ್ನ ನಮ್ಮ ಮನೆಯ ಕೂಸು ಏನು ಮಾಡಿದೆ ಎಂದು ಒಮ್ಮೆ ಕೇಳಬೇಕು ಎಂಬ ಬುದ್ಧಿ ಈ ವಯಸ್ಸಿನಲ್ಲೂ ನನಗೆ ಬಂದಿಲ್ಲವೆಂಬುದನ್ನು ತಾವು ಗೋಡೆಯ ಮೇಲಿಂದ ಕೆಂಪಗೆ ನೋಡುತ್ತಿದ್ದಿರಿ.

ಐದ್ನಿಮಿಷ ಬಂದ. ತನ್ನ ಕಂಪ್ಯೂಟರನ್ನು ಇಸ್ತ್ರಿ ಮೇಜಿನ ಮೇಲೆ ತೆರೆದಿಟ್ಟು, ತಮ್ಮ ಹೊಟ್ಟೆಗೆ ವೈರು ಚುಚ್ಚಿ, ಮಧ್ಯಾಹ್ನದವರೆಗೆ ಏನೇನೋ ಒತ್ತಿದ. ನಾನು ಅವನ ಬೆನ್ನ ಹಿಂದೆ ನಿಂತು ಅವನ ಕುಲದವರನ್ನೆಲ್ಲ ನೆನೆಯುತ್ತಿದ್ದೆ. ಕಡೆಗೆ ಅವನು ಕತ್ತು ತಿರುಗಿಸಿ, "ತಾತ, ಈ ಪರೀಕ್ಷೆ ಮಾಡೋದನ್ನೇ ಆಫ್ ಮಾಡಿಬಿಡ್ಲಾ? ಯಾರು ಏನು ಅಂತ ಕೇಳೋದೇ ಇಲ್ಲ, ಸುಮ್ನೆ ಹೇಳಿಬಿಡತ್ತೆ" ಎಂದ. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ಹೊತ್ತು ಬೇಕಿತ್ತೇನೋ ಎಂದು ಬೈದೆ. ಅವನು ಒತ್ತಿದ. ತಾವು ತಕ್ಷಣ ಹಸಿರಾದಿರಿ. ತಮ್ಮ ಮುಖದ ಮೇಲೆ ವರದಿ ತಲುಪಿತು ಎಂದು ಬಂತು. ಅಂಥ ಚೆಂದದ ಹಸಿರನ್ನು ನಾನು ಅದುವರೆಗೆ ನೋಡಿರಲಿಲ್ಲ. ವಾರ್ಡಿಗೆ ಫೋನ್ ಮಾಡಿಸಿ ನಾಳೆ ಬೆಳಿಗ್ಗೆಯೇ ಆಗುತ್ತದೆ, ವರದಿ ಮುಟ್ಟಿದೆ, ಇನ್ನು ಯಾರೂ ತಡೆಯುವ ಹಾಗಿಲ್ಲ ಎಂದು ಗಟ್ಟಿಯಾಗಿ ಹೇಳಿದೆ. ನನ್ನ ಗಟ್ಟಿ ದನಿಗೆ ಅವರೂ ನಂಬಿದರು.

ಮಾರನೆಯ ದಿನ ತಂಗಿಗೆ ಬೆಳಗಿನಿಂದ ಗುಟುಕು ನೀರೂ ಕೊಡಲಿಲ್ಲ. ಹಸಿರು ಅಂಗಿ ತೊಡಿಸಿ, ತಳ್ಳುಗಾಡಿಯ ಮೇಲೆ ಮಲಗಿಸಿ, ಥಿಯೇಟರಿನ ಬಾಗಿಲ ತನಕ ತಂದರು. ಅಲ್ಲಿ ನಿಲ್ಲಿಸಿದರು. ಒಳಗೆ ಹಾಸಲು ಬಟ್ಟೆಯಿರಲಿಲ್ಲ. ಸ್ಟೋರಿನ ಪೆಟ್ಟಿಗೆಗೆ ಯಾವ ವರದಿಯೂ ಬಂದಿರಲಿಲ್ಲ, ಗಂಟುಗಳು ಇನ್ನೂ ಬಾಗಿಲ ಹೊರಗೇ ಕೂತಿದ್ದವು. ಅವಳನ್ನು ಅದೇ ಗಾಡಿಯಲ್ಲಿ, ಅದೇ ಕಾರಿಡಾರಿನಲ್ಲಿ, ಅದೇ ಜನರ ಮುಂದೆ ವಾಪಸು ತಂದು ಮಂಚಕ್ಕೆ ಎತ್ತಿ ಹಾಕಿದರು. ಎತ್ತಿ ಹಾಕುವಾಗ ಅವಳು ತುಟಿ ಕಚ್ಚಿಕೊಂಡಳು, ಕೂಗಲಿಲ್ಲ. ನಾನು ಹತ್ತಿರ ಹೋಗಿ ಹಸಿರು ದೀಪ ಹತ್ತಿತ್ತಮ್ಮಾ, ನನ್ನ ಕಣ್ಣಾರೆ ನೋಡಿದೆ ಎಂದೆ. ಅವಳು ನನ್ನ ಕಡೆ ತಿರುಗದೆ, "ಹತ್ತಿತ್ತು ಸರಿ. ಅದು ಹೇಳಿದ್ದನ್ನ ಕೇಳಿಸಿಕೊಂಡವರು ಯಾರಣ್ಣ?" ಎಂದಳು.

ಯಾರೆಂದು ತಾವೇ ಹೇಳಬೇಕಿತ್ತು, ಹೇಳಲಿಲ್ಲ. ಐದ್ನಿಮಿಷನನ್ನು ಅಂಗಡಿಯಿಂದ ಎಬ್ಬಿಸಿ ತಂದು ಕೇಳಿದಾಗ ಅವನ ಮುಖ ಒಗೆದ ಬಟ್ಟೆಯಂತಾಯಿತು. ಅವನು ತನ್ನ ಕಂಪ್ಯೂಟರಿನೊಳಗೇ ಪ್ರಯೋಗಕ್ಕೆಂದು ಒಂದು ಸುಳ್ಳು ಆಸ್ಪತ್ರೆಯನ್ನು ಮಾಡಿಟ್ಟು, ತಮ್ಮನ್ನು ಅದರ ಕಡೆಗೆ ತಿರುಗಿಸಿ, ಮತ್ತೆ ನಿಜದ ಕಡೆಗೆ ತಿರುಗಿಸುವುದನ್ನು ಮರೆತಿದ್ದ. ಪರೀಕ್ಷೆ ಆಫ್ ಆಗಿದ್ದ ಕಾರಣ ತಾವು ಸರ್ಟಿಫಿಕೇಟು ಕೇಳಲಿಲ್ಲ, ಹೆಸರು ಕೇಳಲಿಲ್ಲ. ಇಸ್ತ್ರಿ ಮೇಜಿನ ಮೇಲೆ, ತಮ್ಮಿಂದ ಒಂದು ಗೇಣು ದೂರದಲ್ಲಿ ಕೂತಿದ್ದ ಕಂಪ್ಯೂಟರು ನಾನೇ ದೊಡ್ಡಾಸ್ಪತ್ರೆ ಎಂದದ್ದಕ್ಕೆ ಡ್ರಮ್ಮಿನ ಗುಟ್ಟನ್ನೆಲ್ಲ ಅದರ ಕಿವಿಗೆ ಸುರಿದು ಹಸಿರಾದಿರಿ. ತಮ್ಮ ಸಂಶಯವನ್ನು ಅಷ್ಟು ದಿನ ಬೈದವನಿಗೆ ತಮ್ಮ ನಂಬಿಕೆ ಹೇಗಿರುತ್ತದೆಂದು ತೋರಿಸಿಕೊಟ್ಟಿರಿ. ಇದಕ್ಕಾಗಿ ತಮ್ಮನ್ನು ಎಷ್ಟು ಹೊಗಳಿದರೂ ಸಾಲದು. ನಿಜದ ಆಸ್ಪತ್ರೆಯ ಕಡೆಗೆ ತಿರುಗಿಸಿ, ಆಫ್ ಮಾಡಿದ್ದನ್ನು ಮೊದಲು ಆನ್ ಮಾಡು ಎಂದು ನಾನೇ ಹೇಳಿದೆ, ಸ್ವಲ್ಪ ಜೋರಾಗಿ. ತಾವು ಮತ್ತೆ ಕೆಂಪಾದಿರಿ.

ಆಗ ಹೊರಬಿತ್ತು ನಿಜವಾದ ಸಂಗತಿ. ಆಸ್ಪತ್ರೆಯ ಪೆಟ್ಟಿಗೆ ನಮ್ಮನ್ನು ಎಂದೂ ತಳ್ಳಿಹಾಕಿರಲಿಲ್ಲ. ಪಾಪ, ಅದು ಪ್ರತಿ ಸಲವೂ ತನ್ನ ಸರ್ಟಿಫಿಕೇಟನ್ನು ತೋರಿಸಿ ಬನ್ನಿ ಎನ್ನುತ್ತಿತ್ತು. ಇದು ನಡೆಯುವುದಿಲ್ಲ ಎಂದು ಮುಖ ತಿರುಗಿಸುತ್ತಿದ್ದವರು ತಾವು. ಅದರ ಹಳೆಯ ಸರ್ಟಿಫಿಕೇಟಿನ ಅವಧಿ ಮುಗಿದು ಹೊಸದು ಬಂದಿತ್ತಂತೆ, ಆ ಹೊಸದರ ಅವಧಿ ಇನ್ನೂ ಶುರುವೇ ಆಗಿಲ್ಲ ಎಂಬುದು ತಮ್ಮ ತಕರಾರು. ನಡೆಯುತ್ತಿರುವ ಸರ್ಟಿಫಿಕೇಟು ಶುರುವಾಗದೆ ಇರುವುದು ಹೇಗೆ ಎಂದು ಐದ್ನಿಮಿಷನಿಗೂ ತಿಳಿಯಲಿಲ್ಲ, ತಲೆ ಕೆರೆದುಕೊಂಡ.

ಸಂಜೆ ವಾರ್ಡಿನಲ್ಲಿ ಇದನ್ನೇ ದೊಡ್ಡ ತಮಾಷೆಯೆಂಬಂತೆ ತಂಗಿಗೆ ಹೇಳಿದೆ, ಅವಳು ನಗಲೆಂದು. ಅವಳು ನಗಲಿಲ್ಲ. "ಅಣ್ಣ, ಸಂಜೆ ಮನೆಗೆ ಹೋಗೋವಾಗ ಮೇನ್ ಸ್ವಿಚ್ ಈಗಲೂ ಇಳಿಸ್ತೀಯಲ್ವಾ?" ಎಂದು ಕೇಳಿದಳು. ಇಳಿಸದೆ ಮತ್ತೆ? ಒಮ್ಮೆ ಇಸ್ತ್ರಿ ಕೋಣೆ ಸುಟ್ಟದ್ದನ್ನು ನೋಡಿದವನು ನಾನು. ಅಂದಿನಿಂದ ಬಾಗಿಲು ಹಾಕುವ ಮುನ್ನ ನನ್ನ ಕೈಯಾರೆ ಮೇನ್ ಇಳಿಸದೆ ಮನೆಗೆ ಹೋದವನಲ್ಲ. ಅವಳೆಂದಳು: "ಗೋಡೆ ಗಡಿಯಾರಾನೂ ಕರೆಂಟಿಂದೇ ಆಗಿತ್ತು. ದಿನಾ ಬೆಳಿಗ್ಗೆ ಸ್ಟೂಲ್ ಹತ್ತಿ ಅದನ್ನ ಸರಿ ಮಾಡ್ತಿದ್ದೋಳು ನಾನು. ಅದು ತಾನಾಗೇ ಸರಿಯಾಗಿ ನಡಿಯತ್ತೆ ಅಂತ ಅಂದ್ಕೊಂಡಿದ್ದೆ ಅಲ್ವಾ ನೀನು. ಆ ಪೆಟ್ಟಿಗೆಗೆ ಇವತ್ತು ಯಾವ ತಾರೀಕು ಅಂತ ನೋಡು ಹೋಗು."

ಬಂದು ನೋಡಿಸಿದೆ. ತಮಗೆ ಇನ್ನೂ ತಾವು ಕಾರ್ಖಾನೆಯಿಂದ ಹೊರಬಂದ ದಿನ ನಡೆಯುತ್ತಿತ್ತು. ಕರೆಂಟು ಹೋದಾಗ ಕಾಲವನ್ನು ಹಿಡಿದಿಡುವ ಬಿಲ್ಲೆಯಂಥ ಸೆಲ್ಲು ತಮ್ಮ ಹೊಟ್ಟೆಯಲ್ಲಿ ಎಂದೋ ಸತ್ತಿತ್ತು. ನಾನು ಪ್ರತಿ ಸಂಜೆ ಮೇನ್ ಇಳಿಸಿದ ಹಾಗೆಲ್ಲ ತಾವು ಹುಟ್ಟಿದ ದಿನಕ್ಕೆ ಹಿಂದಿರುಗಿ, ಪ್ರತಿ ಬೆಳಿಗ್ಗೆ ಹಸುಗೂಸಾಗಿ ಏಳುತ್ತಿದ್ದಿರಿ. ಆಸ್ಪತ್ರೆಯ ಹಳೆಯ ಸರ್ಟಿಫಿಕೇಟು ತಮಗಿಂತ ಹಿರಿಯದಾದ್ದರಿಂದ ಇಷ್ಟು ಕಾಲ ಯಾರಿಗೂ ಗೊತ್ತಾಗಲಿಲ್ಲ. ಹೊಸದು ತಮಗಿಂತ ಕಿರಿಯದು. ತಮ್ಮ ಲೆಕ್ಕದಲ್ಲಿ ಅದು ಇನ್ನೂ ಹುಟ್ಟಬೇಕಾದದ್ದು, ಹುಟ್ಟದವರ ಜೊತೆ ತಾವು ಮಾತನಾಡುವುದಾದರೂ ಹೇಗೆ. ತಾವು ತಪ್ಪು ಮಾಡಿದಿರೆಂದು ಹೇಳುವ ಹಾಗೂ ಇಲ್ಲ. ಸಿಟ್ಟು ಮಾಡಿಕೊಳ್ಳಲು ಯಾರೂ ಸಿಗದೆ ಹೋದದ್ದು ನನ್ನ ಬಾಳಿನಲ್ಲಿ ಅದೇ ಮೊದಲು, ಆ ಸಂಜೆ ಬಹಳ ಕಷ್ಟವಾಯಿತು.

ಸೆಲ್ಲು ಹಾಕಿಸಿದೆವು, ತಾರೀಕು ತಿದ್ದಿಸಿದೆವು. ಪರೀಕ್ಷೆ ಆನ್ ಆಗಿರುವಂತೆಯೇ ಆಸ್ಪತ್ರೆಯ ಸರ್ಟಿಫಿಕೇಟನ್ನು ತಾವು ಹಿಂದೆ ಮುಂದೆ ತಿರುಗಿಸಿ ನೋಡಿ ಒಪ್ಪಿಕೊಂಡು ಹಸಿರಾದಿರಿ. ನಾನು ದೀಪ ನೋಡಿ ಕುಣಿಯಲಿಲ್ಲ. ಸ್ಟೋರಿನ ಮೇಡಂಗೆ ಫೋನ್ ಮಾಡಿ, ಬಂತೇ ಎಂದು ಕೇಳಿ, ಬಂತು ಎಂದು ಅವರ ಬಾಯಿಂದ ಕೇಳಿಸಿಕೊಂಡೆ, ಹಿಂದೆ ಆಡಿದ ಮಾತಿಗೆ ಕ್ಷಮಿಸಿ ಎಂದೂ ಗೊಣಗಿದೆ. ತಂಗಿಯ ಕೀಲು ಬದಲಾಯಿತು. ನಮ್ಮ ಡ್ರಮ್ಮಿನಲ್ಲಿ ಬೆಂದ ಹೊದಿಕೆಯ ಮೇಲೆಯೇ ಮಲಗಿದ್ದಳು. ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತೇ ಎಂದು ಎಚ್ಚರವಾದ ಕೂಡಲೇ ನರ್ಸನ್ನು ಕೇಳಿದಳಂತೆ.

ಈಗ ತಮ್ಮಲ್ಲಿ ಕೆಲವು ಕೋರಿಕೆಗಳಿವೆ. ಮುಂದೆ ತಮಗೆ ಯಾರ ಮೇಲಾದರೂ ಅಪನಂಬಿಕೆ ಬಂದಾಗ ಯಾರ ಮೇಲೆ, ಯಾಕೆ ಎಂಬುದನ್ನು ಒಂದು ಸಾಲು ಬಿಡಿಸಿ ಬರೆದರೆ, ನಾನು ಸರಿಯಾದ ಕಡೆಗೆ ಜಗಳಕ್ಕೆ ಹೋಗಲು ಅನುಕೂಲವಾಗುತ್ತದೆ. ಇಷ್ಟು ಕಟ್ಟುನಿಟ್ಟಾದ ತಾವು ಬಿಡುವಿನ ವೇಳೆಯಲ್ಲಿ ಐದ್ನಿಮಿಷನ ಐದು ನಿಮಿಷಕ್ಕೂ ಒಂದು ಸರ್ಟಿಫಿಕೇಟು ಕೇಳಬೇಕು. ಸಾಧ್ಯವಾದರೆ ಗೋಡೆಯಿಂದ ಇಳಿದು ಒಮ್ಮೆ ನನ್ನ ತಂಗಿಯ ಮಂಚದ ಬಳಿ ಹೋಗಿ, ಅಂದು ಥಿಯೇಟರಿನ ಬಾಗಿಲಿನಿಂದ ಅವಳನ್ನು ತಿರುಗಿಸಿ ತಂದದ್ದು ಯಾಕೆಂದು ತಮ್ಮ ಬಾಯಿಂದಲೇ ಹೇಳಬೇಕು. ನಾನು ಹೇಳಲು ಹೋಗಿ ಎರಡು ಸಲ ವಾಪಸು ಬಂದಿದ್ದೇನೆ.

ತಾರೀಕು ಸರಿಯಿರುವ ತನಕ ಮಾತ್ರ,
ತಮ್ಮ ವಿಶ್ವಾಸಿ,
ಲಾಂಡ್ರಿಯ ಯಜಮಾನ

ಮರೆತ ಮಾತು: ಮೇನ್ ಸ್ವಿಚ್ಚನ್ನು ಇಂದು ಸಂಜೆಯೂ ಇಳಿಸುತ್ತೇನೆ, ತಮ್ಮ ಸೆಲ್ಲಿನ ಮೇಲೆ ತಾವು ಬದುಕಿಕೊಳ್ಳಿ. ಇನ್ನೊಂದು, ನಿನ್ನೆ ತಂಗಿಯನ್ನು ನೋಡಲು ಹೋದಾಗ ವಾರ್ಡಿನ ಬಾಗಿಲಲ್ಲಿ ಕಾವಲಿನವನು ನನ್ನ ಪಾಸನ್ನು ತಿರುಗಿಸಿ ನೋಡಿ, "ತಾತ, ಇದು ನಾಳೆಯಿಂದ ಶುರು" ಎಂದ. ಬಾಯಿ ತೆರೆದವನು, ಮೊದಲು ಅವನ ಕೈಗಡಿಯಾರದಲ್ಲಿ ತಾರೀಕು ನೋಡಿದೆ. ಸರಿಯಾಗಿತ್ತು. ಪಾಸನ್ನು ಜೇಬಿಗಿಟ್ಟುಕೊಂಡು ವಾಪಸು ಬಂದೆ. ಒಳಗಿನಿಂದ ತಂಗಿ ನಗುವುದು ಮೆಟ್ಟಿಲಿನ ತನಕ ಕೇಳಿಸಿತು.