ನಾಲ್ಕು ಹೊಳೆ, ಒಂದು ಹೆಸರಿಲ್ಲದ ನಾಯಿ

ಭಾನುವಾರ ಮನೆಯಲ್ಲಿ ಸುಮ್ಮನೆ ಕೂರುವವರಿಗೆ ಏನೂ ಆಗುವುದಿಲ್ಲ. ನಮಗೆ ಏನಾದರೊಂದು ಆಗುತ್ತಲೇ ಇರುತ್ತದೆ, ಯಾಕೆಂದರೆ ನನ್ನ ಗಂಡನಿಗೆ ಹೊಳೆಯ ಹುಚ್ಚು. ವಾರವೆಲ್ಲ ಸಾಗರದ ಪೇಟೆಯಲ್ಲಿ ಮಿಕ್ಸಿ ರಿಪೇರಿ ಮಾಡುವ ಈ ಮನುಷ್ಯ ಭಾನುವಾರ ಬಂತೆಂದರೆ ಹಳೇ ವ್ಯಾನು ತೆಗೆದು ಯಾವುದಾದರೂ ಹೊಳೆ ನೋಡಲು ಹೊರಡಲೇಬೇಕು. ನಾನು ಹೈಸ್ಕೂಲು ಟೀಚರು. ರಜೆಯ ದಿನವಾದರೂ ಯಾರಾದರೂ ನನ್ನ ಮಾತು ಕೇಳಲಿ ಎಂಬ ಆಸೆಯಿಂದ ಜೊತೆಗೆ ಹೋಗುತ್ತೇನೆ. ನಮ್ಮ ನಾಯಿ ಕರಿಯನನ್ನು ಮನೆಯಲ್ಲಿ ಬಿಟ್ಟರೆ ಬೀದಿಗೆಲ್ಲ ಕೇಳುವ ಹಾಗೆ ಊಳಿಡುತ್ತಾನೆ, ಅದಕ್ಕೆ ಅವನೂ ಬರುತ್ತಾನೆ. ಆದರೆ ಇದು ಕರಿಯನ ಕಥೆಯಲ್ಲ. ನಮ್ಮದಲ್ಲದ ಇನ್ನೊಂದು ನಾಯಿಯ ಕಥೆ.

೧. ಲಾಂಚಿನಲ್ಲಿ ಗಂಟುಬಿದ್ದದ್ದು

ಶರಾವತಿ ಹಿನ್ನೀರಿಗೆ ಸೇತುವೆ ಆಗುವ ಮೊದಲಿನ ಮಾತು. ಸಿಗಂದೂರಿನ ಕಡೆಯಿಂದ ಲಾಂಚಿನಲ್ಲಿ ಹೊಳೆಬಾಗಿಲಿಗೆ ವಾಪಸು ಬರುತ್ತಿದ್ದೆವು. ವ್ಯಾನಿನ ಹಿಂದಿನ ಬಾಗಿಲು ತೆಗೆದಿಟ್ಟು, ನಾವಿಬ್ಬರೂ ಕಂಬಿ ಹಿಡಿದು ನೀರು ನೋಡುತ್ತಾ ನಿಂತಿದ್ದೆವು. ದಡ ಬಂತೆಂದು ತಿರುಗಿ ನೋಡಿದರೆ ವ್ಯಾನಿನಲ್ಲಿ ಕರಿಯನ ಪಕ್ಕ ಕಂದು ಬಣ್ಣದ, ಒಂದು ಕಿವಿ ಹರಿದ ನಾಯಿಯೊಂದು ಕೂತಿತ್ತು. ನಾವು ಮಧ್ಯಾಹ್ನಕ್ಕೆ ಉಳಿಸಿಕೊಂಡಿದ್ದ ಚಪಾತಿ ಅದರ ಹೊಟ್ಟೆ ಸೇರಿತ್ತು.

"ಇದು ನಮ್ಮದಲ್ಲ, ಇಳಿಸ್ಕೊಳ್ಳಿ" ಎಂದೆ ಲಾಂಚಿನವನಿಗೆ.

"ನಿಮ್ದಲ್ದಿದ್ರೆ ನಿಮ್ ವ್ಯಾನಲ್ಲಿ ಎಂತಕ್ಕೆ ಕೂತದೆ?"

ನಾನು ಕ್ಲಾಸಿನ ದನಿಯಲ್ಲಿ "ಇಳಿ! ಕೆಳಗಿಳಿ!" ಎಂದು ಕೂಗಿದೆ. ಅದು ಆಕಳಿಸಿತು. ನನ್ನ ಗಂಡ ಕರೆದ. ಮುಖ ಆ ಕಡೆ ತಿರುಗಿಸಿತು.

ಲಾಂಚಿನವನು ನಕ್ಕುಬಿಟ್ಟ. "ನೋಡಿ ಮೇಡಂ, ಬೀದಿ ನಾಯಿ ಆದ್ರೆ ಗದರಿದ್ ಕೂಡ್ಲೇ ಓಡ್ತದೆ. ಹೇಳಿದ್ ಮಾತು ಇಷ್ಟು ಕೇಳ್ದೇ ಇರೋದು ಮನೆಯವ್ರು ಮಾತ್ರ."

೨. ಮಂಗನ ಪರೀಕ್ಷೆ

ನಮ್ಮದು ಬಾಡಿಗೆ ಮನೆ. ಕೆಳಗಡೆಯೇ ಇರುವ ಓನರ್ ಮರುದಿನವೇ ಮೆಟ್ಟಿಲು ಹತ್ತಿ ಬಂದರು. "ಮೇಡಂ, ಒಂದು ನಾಯಿ ಅಂತ ಮಾತಾಗಿತ್ತು. ಶಿವರಾತ್ರಿ ಒಳಗೆ ಇದನ್ನ ಎಲ್ಲಾದ್ರೂ ಕಳ್ಸಿ. ಇಲ್ಲಾಂದ್ರೆ ಬೇರೆ ಮನೆ ನೋಡ್ಕಳಿ."

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾವು ಗಂಡ ಹೆಂಡತಿ ಕೂತು ತೀರ್ಮಾನ ಮಾಡಿದೆವು. ಪ್ರತಿ ಭಾನುವಾರ ಹೊಳೆಗೆ ಹೋದಲ್ಲಿ ಇದಕ್ಕೊಂದು ಮನೆ ಹುಡುಕುವುದು. ಅಲ್ಲಿಯವರೆಗೆ ಹೆಸರು ಮಾತ್ರ ಇಡಬಾರದು, ಹೆಸರಿಟ್ಟರೆ ನಮ್ಮದೇ ಆಗಿಬಿಡುತ್ತದೆ.

ಹೊಸನಗರದ ಹಾದಿಯಲ್ಲಿ ಒಂದು ಹಳ್ಳ ನೋಡಲು ಇಳಿದಾಗ, ಅದರ ದಂಡೆಯಲ್ಲೇ ಬಾಳೆ ಹಾಕಿದ ರೈತರೊಬ್ಬರು ಸಿಕ್ಕರು. ಮಂಗಗಳ ಕಾಟಕ್ಕೆ ರೋಸಿಹೋಗಿದ್ದರು. "ಮಂಗ ಓಡ್ಸೋ ನಾಯಿ ಆದ್ರೆ ಈಗ್ಲೇ ಇಟ್ಕಳ್ತೀನಿ. ಬಾಳೆ ಬುಡದಲ್ಲಿ ಕಟ್ಟಿ, ನೋಡಾಣ" ಎಂದರು.

ಕಟ್ಟಿ, ನಾವು ದೂರದಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ಮಂಗಗಳು ಇಳಿದವು. ನಮ್ಮ ವೀರ ಮಲಗಿದ್ದಲ್ಲಿಂದಲೇ ಬಾಲ ಅಲ್ಲಾಡಿಸಿತು. ಒಂದು ದೊಡ್ಡ ಹೆಣ್ಣು ಮಂಗ ಹತ್ತಿರ ಬಂದು, ಅದರ ಬೆನ್ನು ಸವರಿ, ಕೂತು ಒಂದೊಂದೇ ಉಣ್ಣಿ ಹೆಕ್ಕತೊಡಗಿತು. ನಾಯಿ ಹೊಟ್ಟೆ ಮೇಲೆ ಮಾಡಿ ಇನ್ನೊಂದು ಪಕ್ಕವನ್ನೂ ಒಪ್ಪಿಸಿತು. ಉಳಿದ ಮಂಗಗಳು ಗೊನೆಯ ಕಡೆ ನಡೆದವು.

ರೈತರು ಕಲ್ಲೆಸೆದು ಮಂಗಗಳನ್ನು ಓಡಿಸಿ ಬಂದು, ಏದುಸಿರು ಬಿಡುತ್ತಾ ಕೈ ಮುಗಿದರು. "ನಂಗೆ ಬ್ಯಾಡ ಮಾರಾಯ್ರೆ. ಆ ಮಂಗ ಸಾಕ್ಕಳತ್ತೆ ಅಂದ್ರೆ ಅದಕ್ಕೇ ಕೊಟ್ಟು ಹೋಗಿ."

೩. ಮಾಲತಿಯ ದಾರಿ

ಮೇಗರವಳ್ಳಿಯ ಹತ್ತಿರ ನನ್ನ ಗಂಡನ ಗೆಳೆಯನೊಬ್ಬ ಹೋಂಸ್ಟೇ ನಡೆಸುತ್ತಾನೆ. ಮಾಲತಿ ಹೊಳೆ ಅಲ್ಲಿಂದ ಕೂಗಳತೆ. "ಗೆಸ್ಟುಗಳಿಗೆ ಹೊಳೆ ದಾರಿ ತೋರ್ಸೋ ನಾಯಿ ಇದ್ರೆ ಎಷ್ಟು ಚಂದ! ಫೋಟೋ ತೆಗ್ದು ಹಾಕ್ಬಹುದು" ಎಂದ. ನಮಗೆ ಸ್ವರ್ಗ ಮೂರೇ ಗೇಣು. ಬೆಳಿಗ್ಗೆ ನಾವೇ ಜೊತೆಗೆ ಹೋಗಿ ದಾರಿ ಕಲಿಸಿದೆವು. ಜಾಣನ ಹಾಗೆ ಹೋಗಿ ಬಂತು. ಆಮೇಲೆ ಗೆಸ್ಟುಗಳನ್ನು ಅದರ ಹಿಂದೆ ಕಳಿಸಿದ್ದಾಯಿತು.

ಊಟದ ಹೊತ್ತು ಮೀರಿದರೂ ಯಾರೂ ಬರಲಿಲ್ಲ. ಗೆಳೆಯ ಕೋಳಿ ಸಾರು ಎರಡು ಸಲ ಬಿಸಿ ಮಾಡಿದ. ಆಮೇಲೆ ಅವನಿಗೂ ಗಾಬರಿ, ನಮಗೂ ಗಾಬರಿ. ಹೊಳೆಯ ದಂಡೆಗುಂಟ ಕೂಗುತ್ತಾ ಹೋದೆವು. ನೀರಿನ ಹತ್ತಿರ ಯಾರೂ ಇಲ್ಲ. ಸ್ವಲ್ಪ ಆಚೆ, ಗೃಹಪ್ರವೇಶದ ಚಪ್ಪರವೊಂದರಲ್ಲಿ, ಗೆಸ್ಟುಗಳೆಲ್ಲ ಸಾಲಾಗಿ ಕೂತು ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ನಾಯಿ ಅಡಿಗೆಯವರ ಕಾಲ ಬುಡದಲ್ಲಿತ್ತು.

"ಹೊಸ ಮನೆಗೆ ಬಂದೋರನ್ನ ಯಾರು ಅಂತ ಕೇಳಕ್ಕಾಗ್ತದಾ? ಬಡಿಸಿದ್ವಿ" ಎಂದರು ಮನೆಯ ಯಜಮಾನರು, ನಮಗೂ ಎಲೆ ಹಾಕಿಸುತ್ತಾ.

ಗೆಳೆಯನ ಮುಖ ಹುಳ್ಳಗಾಗಿತ್ತು. ಅಷ್ಟರಲ್ಲಿ ಒಬ್ಬ ಗೆಸ್ಟು ಕೈ ತೊಳೆದು ಬಂದು ಅವನನ್ನು ಕೇಳಿದ: "ಸಾರ್, ನಾಳೆ ತಿಂಡಿಗೆ ನಾಯಿ ಎಷ್ಟು ಗಂಟೆಗೆ ಹೊರಡುತ್ತೆ?"

೪. ತುಂಗೆಯ ದಂಡೆಯಲ್ಲಿ

ಶಿವರಾತ್ರಿಯ ಹಿಂದಿನ ಭಾನುವಾರ ತೀರ್ಥಹಳ್ಳಿಗೆ ಹೊರಟೆವು. ಇವತ್ತು ಮನೆ ಸಿಗದಿದ್ದರೆ ನಾಯಿಯನ್ನು ಎಲ್ಲಾದರೂ ಬಿಟ್ಟು ಬರಬೇಕು, ಇಲ್ಲವೇ ನಾವು ಗಂಟುಮೂಟೆ ಕಟ್ಟಬೇಕು. ನನ್ನ ಗಂಡನ ಜೇಬಿನಲ್ಲಿ ಅದಕ್ಕೆಂದೇ ಬಿಸ್ಕತ್ತು ಇರುತ್ತಿದ್ದದ್ದು ನನಗೆ ಗೊತ್ತಿತ್ತು. ರಾತ್ರಿ ನಾನು ಅದಕ್ಕೆ ನನ್ನ ಹಳೇ ಶಾಲು ಹೊದಿಸುತ್ತಿದ್ದದ್ದು ಅವನಿಗೂ ಗೊತ್ತಿತ್ತು. ಇಬ್ಬರೂ ಗೊತ್ತಿಲ್ಲದವರ ಹಾಗೆ ಇದ್ದೆವು.

ತುಂಗೆಯ ದಂಡೆಯಲ್ಲಿ ಒಂದು ಮನೆಯವರು ತೀರಿಹೋದ ಯಜಮಾನರ ಉತ್ತರಕ್ರಿಯೆ ಮುಗಿಸಿ ಕಾಗೆಗೆ ಎಡೆ ಇಟ್ಟಿದ್ದರು. ಬಾಳೆಲೆಯ ಮೇಲೆ ಅನ್ನ, ಕಡುಬು, ಪಾಯಸ, ಹಾಗಲಕಾಯಿ ಪಲ್ಯ. ಮರದ ಮೇಲೆ ಕಾಗೆ ಇತ್ತು, ಇಳಿಯುತ್ತಿರಲಿಲ್ಲ. ಕಾಗೆ ಮುಟ್ಟದೆ ಮನೆಯವರು ಊಟ ಮಾಡುವ ಹಾಗಿಲ್ಲ. ದೊಡ್ಡ ಮಗ ಕೈ ಮುಗಿದು, "ಅಪ್ಪಯ್ಯ, ಗದ್ದೆ ಮಾರಲ್ಲ" ಎಂದ. ಕಾಗೆ ಕದಲಲಿಲ್ಲ. "ಅಮ್ಮನ್ನ ಚೆನ್ನಾಗಿ ನೋಡ್ಕಳ್ತೀವಿ." ಕಾಗೆ ಕೊಕ್ಕು ಉಜ್ಜಿಕೊಂಡಿತು. "ದೊಡ್ಡ ಟೀವಿ ಬೇಕು ಅಂತಿದ್ರಲ್ಲ, ಅದನ್ನೂ ಹೇಳು" ಎಂದು ನೆಂಟರೊಬ್ಬರು ಹಿಂದಿನಿಂದ ನೆನಪಿಸಿದರು. ತೀರಿಹೋದವರ ಹೆಂಡತಿ, ಬಿಳಿ ಸೀರೆಯ ಅಮ್ಮ, ಮೆಟ್ಟಿಲ ಮೇಲೆ ಕೂತು ಎಲೆಯನ್ನೇ ನೋಡುತ್ತಿದ್ದರು.

ಆಗಲೇ ನನ್ನ ಕೈಯಿಂದ ಹಗ್ಗ ಜಾರಿತು. ನಾಯಿ ನೇರವಾಗಿ ಎಲೆಯ ಹತ್ತಿರ ಹೋಗಿ ಕಡುಬು ನುಂಗಿತು. ಪಾಯಸ ನೆಕ್ಕಿತು. ನಾಚಿಕೆಯಿಂದ ಹೊಳೆಗೆ ಹಾರೋಣ ಎಂದರೆ ಅಲ್ಲಿ ನೀರು ಮೊಣಕಾಲುದ್ದ. ದೊಡ್ಡ ಮಗ ಕೋಲು ಎತ್ತಿದ.

"ನಿಲ್ಸೋ!" ಎಂದರು ಅಮ್ಮ. ಎಲ್ಲರೂ ತಿರುಗಿದರು. "ಮೊದ್ಲು ಕಡುಬು, ಆಮೇಲೆ ಪಾಯ್ಸ. ಹಾಗಲಕಾಯಿ ಪಲ್ಯ ಪಕ್ಕಕ್ಕೆ ಸರಿಸ್ತು. ನೋಡಿದ್ಯಾ?"

ನಾಯಿ ಅವರ ಪಕ್ಕದ ನೆರಳಿಗೆ ಹೋಗಿ ಮಲಗಿ ಕಣ್ಣು ಮುಚ್ಚಿತು. "ಉಂಡ್ ಕೂಡ್ಲೇ ನಿದ್ದೆ" ಎಂದರು ಅಮ್ಮ. ಮಗ "ಬಾ, ಏಳು" ಎಂದು ಕರೆದ. ಅದು ಒಂದು ಕಣ್ಣು ತೆರೆದು ಮತ್ತೆ ಮುಚ್ಚಿತು. "ಕರೆದ್ರೂ ಏಳಲ್ಲ. ಇವ್ರೇ."

ಅಮ್ಮ ಅಳುತ್ತಲೇ ನಕ್ಕರು. ನೆಂಟರೂ ನಕ್ಕರು. ಆ ಗದ್ದಲದಲ್ಲಿ ಕಾಗೆ ಇಳಿದು ಬಂದು ಹಾಗಲಕಾಯಿ ಪಲ್ಯ ಕುಕ್ಕಿತು. ಮಗ ಎದೆಯ ಮೇಲೆ ಕೈಯಿಟ್ಟುಕೊಂಡು, "ಅಂತೂ ಬಂದ್ರು ಅಪ್ಪಯ್ಯ!" ಎಂದ.

ಅಮ್ಮ ತಿರುಗಿ ಕೂಡ ನೋಡಲಿಲ್ಲ. "ಅದು ಬೇರೆ ಯಾರೋ" ಎಂದರು.

ಆಮೇಲೆ ನನ್ನನ್ನು ಕೇಳಿದರು: "ಇದು ನಿಮ್ದಾ?"

"ಅಲ್ಲ" ಎಂದೆ. ಅಷ್ಟು ದಿನ ಎಲ್ಲರಿಗೂ ಹೇಳಿದ್ದ ಮಾತೇ. ಕೆಳಗೆ ಬಿದ್ದಿದ್ದ ಹಗ್ಗದ ತುದಿ ಎತ್ತಿ ಅವರ ಕೈಗಿಟ್ಟೆ. ನನ್ನ ಗಂಡ ಜೇಬಿನ ಬಿಸ್ಕತ್ತೆಲ್ಲ ಅಮ್ಮನ ಕೈಗೆ ಕೊಟ್ಟು, ಹೊಳೆ ನೋಡುವ ನೆಪದಲ್ಲಿ ಆ ಕಡೆ ತಿರುಗಿದ. ನಾಯಿ ಅವರ ಜೀಪು ಹತ್ತಿ ಹೋಯಿತು.

ಯುಗಾದಿ ಕಳೆದ ಮೇಲೆ ನೋಡಿಕೊಂಡು ಬರಲು ಅವರ ಮನೆಗೆ ಹೋದೆವು. ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತು "ಕೇಳ್ತಾ? ಊಟ ಆತು, ಬನ್ನಿ" ಎಂದು ಕೂಗುತ್ತಿದ್ದರು. ನಾವು ಬಂದದ್ದು ಅವರಿಗೆ ಹೇಗೆ ಗೊತ್ತಾಯಿತು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಹುಲ್ಲಿನ ಬಣವೆಯ ಹಿಂದಿನಿಂದ ನಾಯಿ ನಿಧಾನಕ್ಕೆ ಬಂತು. ಮೈ ತುಂಬಿಕೊಂಡಿತ್ತು. ಕರಿಯನನ್ನು ಮೂಸಿ, ನಮ್ಮಿಬ್ಬರ ಕೈ ನೆಕ್ಕಿ, ತಟ್ಟೆಯ ಕಡೆ ನಡೆಯಿತು.

"ಏನು ಹೆಸರಿಟ್ರಿ ಅಮ್ಮಾ?" ಎಂದೆ.

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಎಂತ ಟೀಚರೇ ನೀವು! ನಾನು ಹೆಂಗೆ ಇವ್ರ ಹೆಸ್ರು ಹಿಡ್ದು ಕರೀಲಿ?"

ತಟ್ಟೆಯಲ್ಲಿ ಅನ್ನದ ಜೊತೆ ಹಾಗಲಕಾಯಿ ಪಲ್ಯವೂ ಇತ್ತು. ನಾಯಿ ಅದನ್ನು ಮೂತಿಯಿಂದ ಪಕ್ಕಕ್ಕೆ ಸರಿಸಿತು. ಅಮ್ಮ ಬಗ್ಗಿ ಪಲ್ಯವನ್ನು ಅನ್ನಕ್ಕೆ ಚೆನ್ನಾಗಿ ಕಲಸಿ ಮತ್ತೆ ಮುಂದಿಟ್ಟರು.

"ಅದು ತಿನ್ನಲ್ಲ ಅಮ್ಮಾ, ಬಿಡಿ" ಎಂದ ನನ್ನ ಗಂಡ.

"ಬಿಡೋದೆಂತಕ್ಕೆ? ಜೀವ್ಮಾನ ಇಡೀ ತಪ್ಪಿಸ್ಕಂಡ್ರು. ದೇವ್ರ ದಯ, ಇನ್ನೊಂದ್ ಸಲ ಸಿಕ್ಕಿದಾರೆ. ಈ ಸಲ ತಿನ್ನಿಸ್ದೇ ಬಿಡಲ್ಲ."