ಕೌಂಟರಿನ ಕರುಣೆ, ಹದಿನೆಂಟನೇ ದೂರು

"ಇನ್ನು ಮುಂದೆ ಈ ಮನೆಯಲ್ಲಿ ಸಿಟ್ಟು ಎಂಬ ಪದಾರ್ಥಕ್ಕೆ ಪ್ರವೇಶವಿಲ್ಲ!" ಎಂದು ಗುಮಾಸ್ತರು ಭಾನುವಾರ ಸಂಜೆ ಮೇಜು ಗುದ್ದಿ ಘೋಷಿಸಿದರು. ಗುದ್ದಿದ ರಭಸಕ್ಕೆ ಲೋಟ ಉರುಳಿ ನೆಲಕ್ಕೆ ಬಿತ್ತು.

"ಲೋಟಕ್ಕೂ ಗೊತ್ತಾಯ್ತು ಬಿಡಿ" ಎಂದು ಹೆಂಡತಿ ಅದನ್ನು ಎತ್ತಿಟ್ಟಳು.

ಇದೇ ಮಾತನ್ನು ಅವಳು ಶುಕ್ರವಾರ ಆಡಿದ್ದರೆ ಗುಮಾಸ್ತರು ಮನೆಯ ಚಾವಣಿ ಹಾರಿಸಿಬಿಡುತ್ತಿದ್ದರು. ಆದರೆ ಈಗ ಅವರು ಎರಡು ದಿನದ ಝೆನ್ ಶಿಬಿರ ಮುಗಿಸಿ ಬಂದ ಮಹಾನುಭಾವರು! ಮೂರು ಸಲ ಉಸಿರೆಳೆದು, ಮೂರು ಸಲ ಬಿಟ್ಟು, ಹೆಂಡತಿಯ ಕಡೆ ಒಂದು ಕರುಣೆಯ ನಗೆ ಬೀರಿದರು. ಅವಳಿಗೆ ಗಾಬರಿಯಾಯಿತು. "ರೀ, ಹಲ್ಲು ನೋವಾ?" ಎಂದು ಕೇಳಿದಳು.

ಶಿಬಿರಕ್ಕೆ ಗುಮಾಸ್ತರೇನು ಇಷ್ಟಪಟ್ಟು ಹೋದವರಲ್ಲ. ಅವರು ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂರುವವರು. ನೀರು ಬರಲಿಲ್ಲವೆಂದು ದೂರಲು ಬಂದ ಜನ, ಹೋಗುವಾಗ ಗುಮಾಸ್ತರ ಮೇಲೇ ಇನ್ನೊಂದು ದೂರು ಬರೆದಿಟ್ಟು ಹೋಗುತ್ತಿದ್ದರು. ಕಚೇರಿಯಲ್ಲಿ ಅವರ ಅಡ್ಡಹೆಸರು ಸಿಡಿಗುಂಡು. ಹದಿನೇಳು ದೂರು ಸೇರಿದ ಮೇಲೆ ಮೇಲಧಿಕಾರಿ ಮೇಡಂ ಕರೆದು, "ಹದಿನೆಂಟನೇದು ಬಂದ ದಿನ ಈ ಕುರ್ಚಿ ಬಿಟ್ಟು, ಮನೆ ಮನೆ ಹತ್ತಿ ಇಳಿದು ಮೀಟರ್ ಓದೋ ಕೆಲಸಕ್ಕೆ ಹೊರಡಿ. ಅದಕ್ಕೆ ಮುಂಚೆ ಈ ಶಿಬಿರಕ್ಕೊಂದು ಸಲ ಹೋಗಿಬನ್ನಿ" ಎಂದು ಚೀಟಿ ಕೊಟ್ಟಿದ್ದರು.

ಮೀಟರ್ ಓದುವುದೆಂದರೇನು ಹುಡುಗಾಟವೇ? ಗುಮಾಸ್ತರ ಎರಡೂ ಮಂಡಿ ಮೆಟ್ಟಿಲು ಕಂಡರೆ ಸಾಕು, ಕಟಕಟ ಅನ್ನುತ್ತಿದ್ದವು. ಹನ್ನೊಂದು ವರ್ಷ ಕೂತು ಹದ ಮಾಡಿಕೊಂಡ ಕುರ್ಚಿ, ನೆತ್ತಿಯ ಮೇಲೆ ನೇರವಾಗಿ ತಿರುಗುವ ಫ್ಯಾನು! ಅದನ್ನು ಬಿಟ್ಟುಕೊಡುವುದಕ್ಕಿಂತ ಝೆನ್ ಕಲಿಯುವುದೇ ಮೇಲೆಂದು ಅವರು ಹಲ್ಲು ಕಚ್ಚಿ ನಿರ್ಧರಿಸಿದ್ದರು.

ಶಿಬಿರದ ಗುರುಗಳು ಹೇಳಿದ್ದು ಎರಡೇ ಮಾತು. "ಲೋಟ ತೊಳೆಯುವಾಗ ಲೋಟ ಮಾತ್ರ ತೊಳೆಯಿರಿ. ಎದುರಿಗೆ ಬಂದವರ ನೋವನ್ನು ನಿಮ್ಮದೇ ನೋವು ಅಂತ ಕೇಳಿ." ಇಷ್ಟೇನಾ, ಇದಕ್ಕೆ ಎರಡು ದಿನ ಬೇಕಿತ್ತಾ ಎಂದು ಗುಮಾಸ್ತರಿಗೆ ಅಲ್ಲೇ ಸಿಟ್ಟು ಬಂದಿತ್ತು.

ಸೋಮವಾರ ಬೆಳಿಗ್ಗೆ, ಕಚೇರಿ ತಲುಪುವವರೆಗಿನ ಮೌನವ್ರತದೊಂದಿಗೆ ಸಾಧನೆ ಶುರುವಾಯಿತು. ಫೋನ್ ಆರಿಸಿ ಜೇಬಿಗಿಟ್ಟರು. ಟೀ ಕುಡಿದರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಸಿಂಕಿನ ಮುಂದೆ ನಿಂತು, ನಲ್ಲಿ ತಿರುಗಿಸಿದರು. ಸಿಂಕಿನ ತೂತಿಗೆ ಟೀಪುಡಿ ಕಟ್ಟಿಕೊಂಡಿದೆ, ತೆಗೀರಿ ಎಂದು ಹೆಂಡತಿ ವಾರದಿಂದ ಹೇಳುತ್ತಿದ್ದಳು. ಆದರೆ ಸಿಂಕು ಬೇರೆ, ಲೋಟ ಬೇರೆ! ಅವರು ತೊಳೆಯುತ್ತಿದ್ದದ್ದು ಲೋಟ ಮಾತ್ರ. ಅಂಚು ತೊಳೆದರು. ತಳ ತೊಳೆದರು. ತಳಕ್ಕೂ ಅಂಚಿಗೂ ನಡುವಿನ ಆ ಅನಂತ ದುಂಡನ್ನು ತೊಳೆದರು. ಹೀಗೆ ಕಾಲು ಗಂಟೆಯಾದ ಮೇಲೆ ಪಾದಕ್ಕೆ ತಣ್ಣಗೇನೋ ತಗುಲಿತು. ಆಹಾ, ನೆಲ ಇಷ್ಟು ತಂಪಾಗಿರುತ್ತದೆಂದು ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಗಮನಿಸಿರಲಿಲ್ಲವಲ್ಲ ಎಂದು ಅವರ ಕಣ್ಣು ತುಂಬಿ ಬಂತು.

ಸ್ನಾನದ ಮನೆಯಿಂದ ಹೆಂಡತಿ ಕೂಗಿದಳು. "ರೀ! ನಲ್ಲಿ ನಿಲ್ಸಿದ್ರಾ?"

ಮೌನವ್ರತ! ಗುಮಾಸ್ತರು ಸ್ನಾನದ ಮನೆಯ ಬಾಗಿಲಿನತ್ತ ಒಂದು ಕರುಣೆಯ ನಗೆ ಬೀರಿದರು. ಬಾಗಿಲಿನ ಆ ಕಡೆ ಇದ್ದವಳಿಗೆ ಅದು ಕಾಣಬೇಕೆಂಬ ಹಟವೇನೂ ಅವರಿಗಿರಲಿಲ್ಲ.

"ನಲ್ಲಿ ರೀ, ನಲ್ಲಿ!"

ಇನ್ನೊಂದು ನಗೆ. ಲೋಟ ಒರೆಸಿ ಗೂಡಿನಲ್ಲಿಟ್ಟು, ಹೆಜ್ಜೆಯ ಮೇಲೆ ಗಮನವಿಟ್ಟು, ಹೆಜ್ಜೆ ಎಣಿಸುತ್ತ ಮನೆಯಿಂದ ಹೊರಬಿದ್ದರು. ನಲ್ಲಿ ಅದರ ಪಾಡಿಗೆ ಸುರಿಯುತ್ತಿತ್ತು.

ಮೊದಲ ಮಹಡಿಯ ಮೆಟ್ಟಿಲ ಮೇಲೆ ಎಂದಿನಂತೆ ಆ ಜೋಡಿ ಬೂಟು! ಕೆಳಗಿನ ಮನೆಗೆ ಯಾರೋ ಹೊಸಬರು ಬಂದು ಎರಡು ತಿಂಗಳಾಗಿತ್ತು. ಗುಮಾಸ್ತರು ಅವರ ಮುಖ ಕಂಡವರಲ್ಲ, ಬೂಟು ಮಾತ್ರ ಬಲ್ಲರು. ಕಂದು ಬಣ್ಣ, ಒಂದಕ್ಕೆ ಕಪ್ಪು ಲೇಸು, ಇನ್ನೊಂದಕ್ಕೆ ಬಿಳಿ. ದಿನಾ ಅದನ್ನು ಒದ್ದು ಮೂಲೆಗೆ ಎಸೆದು, "ಮೆಟ್ಟಿಲೇನು ಇವರಪ್ಪಂದಾ?" ಎಂದು ಗೊಣಗಿ ಇಳಿಯುವುದು ಅವರ ವಾಡಿಕೆ. ಇವತ್ತು ಗೊಣಗಲಿಲ್ಲ. ಮನಸ್ಸಿನಲ್ಲೇ ಕ್ಷಮಿಸಿ, ಮೆತ್ತಗೆ ಒದ್ದರು.

ಕೌಂಟರಿನ ಗಾಜಿನಾಚೆ ಮೊದಲು ಬಂದು ನಿಂತದ್ದು ಒಬ್ಬ ತೆಳ್ಳನೆಯ, ಕನ್ನಡಕದ, ತಲೆಯಿಂದ ಎದೆಯವರೆಗೂ ತೊಯ್ದ ಮನುಷ್ಯ. ಗಾಜಿನ ಕಿಂಡಿಯಲ್ಲಿ ಕಾಣುವುದೂ ಅಷ್ಟೇ.

"ಸಾರ್, ಮೇಲಿನ ಮನೆಯವರು ನಲ್ಲಿ ಬಿಟ್ಟು ನನ್ನ ಮನೆ ಮುಳುಗಿಸಿಬಿಟ್ರು. ನಾನು ಶಾಲೆ ಮೇಷ್ಟ್ರು. ನೂರಿಪ್ಪತ್ತು ಉತ್ತರಪತ್ರಿಕೆ ಮೇಜಿನ ಮೇಲಿತ್ತು, ಎಲ್ಲಾ ನೆಂದು ತೊಪ್ಪೆ! ಹೋಗಿ ಬಾಗಿಲು ಬಡಿದ್ರೆ ಯಾರೂ ತೆಗೀಲಿಲ್ಲ."

ಹಿಂದಿನ ಸಿಡಿಗುಂಡು ಆಗಿದ್ದರೆ, "ಅದು ನಿಮ್ಮ ಮನೆ ಜಗಳ, ನಡೀರಿ!" ಎಂದು ಕಿಂಡಿ ಮುಚ್ಚುತ್ತಿತ್ತು. ಈಗಿನ ಗುಮಾಸ್ತರು ಮೂರು ಉಸಿರೆಳೆದು, ಮೇಷ್ಟ್ರ ನೋವನ್ನು ತಮ್ಮದೇ ನೋವೆಂದು ಕೇಳತೊಡಗಿದರು. ಕೇಳುತ್ತ ಕೇಳುತ್ತ ಅವರ ಮೈಯೆಲ್ಲ ಉರಿಯಿತು.

"ಎಂಥಾ ಜನ ಸಾರ್ ಇವರು! ಒಂದು ನಲ್ಲಿ ನಿಲ್ಲಿಸೋಕೆ ಬರಲ್ವಾ? ಕಿವಿ ಇಲ್ವಾ, ಕಣ್ಣಿಲ್ವಾ?"

"ಹೋಗಲಿ ಬಿಡಿ ಸಾರ್, ಏನೋ ಮರೆತಿರಬಹುದು. ಸುಮ್ನೆ ಒಂದು ಎಚ್ಚರಿಕೆ ಕೊಟ್ರೆ..."

"ಹೋಗಲಿ ಬಿಡೋದಾ? ಇಂಥವರನ್ನ ಬಿಟ್ಟೂ ಬಿಟ್ಟೂನೇ ಊರು ಹಾಳಾಗಿರೋದು! ಕೊಡಿ ಇಲ್ಲಿ, ನಾನೇ ಬರೆದುಕೊಡ್ತೀನಿ."

ಹನ್ನೊಂದು ವರ್ಷದಲ್ಲಿ ಯಾರಿಗೂ ಒಂದು ಪೆನ್ನು ಕೊಡದವರು ಅಂದು ಒಂದು ಪುಟ ತುಂಬ ಬರೆದರು. ಮೇಷ್ಟ್ರು ಓದಿ ನೋಡಿ, ಜೇಬಿನಿಂದ ಕೆಂಪು ಪೆನ್ನು ತೆಗೆದು ಎರಡು ಕಾಗುಣಿತ ತಿದ್ದಿದರು. ಗುಮಾಸ್ತರಿಗೆ ಚುರ್ ಎಂದಿತು. ಮತ್ತೆ ಮೂರು ಉಸಿರು! ವಿಳಾಸದ ಜಾಗವನ್ನು ಮೇಷ್ಟ್ರೇ ತುಂಬಿದರು. ಅದನ್ನು ಓದುವ ಗೊಡವೆಗೆ ಹೋಗದೆ ಗುಮಾಸ್ತರು 'ತುರ್ತು' ಎಂಬ ಮೊಹರು ಗುದ್ದಿ, "ಖುದ್ದಾಗಿ ಮೇಡಂ ಕೈಗೇ ಕೊಡಿ. ಬಲಗಡೆ ಕೊನೇ ಕೋಣೆ" ಎಂದರು.

ಮೇಷ್ಟ್ರು ಕೈಮುಗಿದು ಹೊರಟರು. ಪಚ್, ಪಚ್ ಎಂದು ಸದ್ದಾಯಿತು. ಗುಮಾಸ್ತರು ಕುತ್ತಿಗೆ ಚಾಚಿ ನೋಡಿದರು. ಓಣಿಯುದ್ದಕ್ಕೂ ನೀರು ಕಾರುತ್ತ ಕಂದು ಬಣ್ಣದ ಬೂಟು ನಡೆದುಹೋಗುತ್ತಿತ್ತು. ಒಂದಕ್ಕೆ ಕಪ್ಪು ಲೇಸು. ಇನ್ನೊಂದಕ್ಕೆ ಬಿಳಿ.

ಪಾದಕ್ಕೆ ತಗುಲಿದ ಬೆಳಗಿನ ತಂಪು ಈಗ ಗುಮಾಸ್ತರ ಎದೆಗೆ ತಗುಲಿತು.

"ಸಾರ್! ನಿಲ್ಲಿ ಸಾರ್!" ಎಂದು ಕುರ್ಚಿ ಕೆಡವಿಕೊಂಡು, ಕಟಕಟ ಮಂಡಿಯಲ್ಲೇ ಓಡಿದರು. ಅವರು ಒಳಗೆ ನುಗ್ಗುವಷ್ಟರಲ್ಲಿ ಮೇಷ್ಟ್ರು ಮೇಡಂ ಮುಂದೆ ನಿಂತು ಗುಮಾಸ್ತರನ್ನೇ ಹೊಗಳುತ್ತಿದ್ದರು.

"ಇಂಥ ಕರುಣಾಮಯಿ ಗುಮಾಸ್ತರನ್ನ ನಾನು ಕಂಡೇ ಇಲ್ಲ ಮೇಡಂ. ನನಗಿಂತ ಅವರಿಗೇ ಹೆಚ್ಚು ನೋವಾಯ್ತು."

ಮೇಡಂ ಮೂಗಿನ ಮೇಲೆ ಬೆರಳಿಟ್ಟು ಗುಮಾಸ್ತರನ್ನು ನೋಡಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು. "'ಸದರಿ ಮೇಲಿನ ಮನೆಯ ಪ್ರಜ್ಞಾಹೀನ ಪ್ರಾಣಿಯು ತನ್ನ ಕೈಯಾರೆ ದೂರುದಾರರ ನೆಲ ಒರೆಸಿ, ನೆನೆದ ಪ್ರತಿಯೊಂದು ಹಾಳೆಯನ್ನೂ ಇಸ್ತ್ರಿ ಮಾಡಿ ಒಣಗಿಸಿಕೊಡತಕ್ಕದ್ದು.' ಭೇಷ್! ವಿಳಾಸ... ಎರಡನೇ ಮಹಡಿ..." ಅಲ್ಲಿಗೆ ನಿಲ್ಲಿಸಿದರು. ಹದಿನೇಳು ನೋಟೀಸು ಕಳಿಸಿದ ವಿಳಾಸ, ಅವರಿಗೆ ಬಾಯಿಪಾಠವಾಗಿತ್ತು. "ಇದು ನಿಮ್ಮ ಮನೆ ಅಲ್ವೇನ್ರೀ?"

ಸುಮ್ಮನೆ ತಲೆ ತಗ್ಗಿಸಿ ನಿಂತಿದ್ದರೂ ಮುಗಿಯುತ್ತಿತ್ತು. ಆದರೆ ಎರಡು ದಿನದಿಂದ ಒಳಗೆ ಅದುಮಿಟ್ಟ ಸಿಟ್ಟು ಎಷ್ಟು ಹೊತ್ತು ತಡೆದೀತು? ಗುಮಾಸ್ತರು ಮೇಷ್ಟ್ರ ಪಾದದ ಕಡೆ ಬೆರಳು ತೋರಿಸಿ ಗುಡುಗಿದರು.

"ಮೆಟ್ಟಿಲ ಮೇಲೆ ಬೂಟು ಬಿಡೋರು ನೀವೇನಾ!"

ಮೇಷ್ಟ್ರು ಕಣ್ಣರಳಿಸಿದರು. "ದಿನಾ ಅದನ್ನ ಒದ್ದು ಮೂಲೆಗೆ ಎಸೆಯೋರು ನೀವೇನಾ!"

"ಇಬ್ಬರೂ ಸುಮ್ನಿರಿ!" ಎಂದರು ಮೇಡಂ. "ಗುಮಾಸ್ತರೇ, ಇದು ಹದಿನೆಂಟನೇದು. ಮೇಷ್ಟ್ರು ಹೊಗಳಿದಾರೆ ಅಂತ ಒಂದು ಅವಕಾಶ. ನೀವು ಬರೆದದ್ದನ್ನೇ ನೀವು ಮಾಡಿ. ಸಂಜೆ ಐದರೊಳಗೆ ಇವರಿಂದ 'ತೃಪ್ತಿಯಾಗಿದೆ' ಅಂತ ಇದೇ ಹಾಳೆ ಮೇಲೆ ಸಹಿ ಹಾಕಿಸಿಕೊಂಡರೆ ಕುರ್ಚಿ ನಿಮ್ಮದು. ಇಲ್ಲಾಂದ್ರೆ ನಾಳೆಯಿಂದ ಮೀಟರ್."

ಅನ್ಯಾಯ! ಶುದ್ಧ ಅನ್ಯಾಯ! ಬೈದರೂ ದೂರು, ಕರುಣೆ ತೋರಿಸಿದರೂ ದೂರು! ಗುಮಾಸ್ತರು ದಾರಿಯುದ್ದಕ್ಕೂ ಗುರುಗಳನ್ನೂ ಶಿಬಿರವನ್ನೂ ಶಪಿಸುತ್ತ ಮೇಷ್ಟ್ರ ಮನೆ ಸೇರಿದರು. ಮೇಷ್ಟ್ರು ಬೀಗ ಹಾಕಿ ಬಂದಿದ್ದ ಬಾಗಿಲ ಮುಂದೆ ಹೆಂಡತಿ ಬಕೆಟ್ಟು, ಒರೆಸುವ ಬಟ್ಟೆ ಹಿಡಿದು ಆಗಲೇ ಕಾಯುತ್ತಿದ್ದಳು. "ಬಾಗಿಲು ಬಡಿದಾಗ ಸ್ನಾನದ ಮನೇಲಿದ್ದೆ ಮೇಷ್ಟ್ರೇ, ಕೇಳಿಸಲಿಲ್ಲ, ತಪ್ಪು ತಿಳೀಬೇಡಿ" ಎಂದವಳೇ ಒಳಗೆ ಹೋಗಿ ನೆಲಕ್ಕೆ ಕೈಹಾಕಿದಳು. ಅರ್ಧ ನೆಲ ಒರೆಸುವಷ್ಟರಲ್ಲಿ ಮೇಷ್ಟ್ರ ಮಂಡಿನೋವು, ಒಂಟಿ ಅಡುಗೆ, ಬಗ್ಗಿ ಬೂಟು ಎತ್ತಿ ಒಳಗಿಡಲಾಗದ ಕಷ್ಟ ಎಲ್ಲವನ್ನೂ ಕೇಳಿ ತಿಳಿದುಕೊಂಡಿದ್ದಳು. ಅವಳು ಯಾವ ಶಿಬಿರಕ್ಕೂ ಹೋದವಳಲ್ಲ. ಮಂಡಿಯ ಮಾತು ಕಿವಿಗೆ ಬಿದ್ದಾಗ ಗುಮಾಸ್ತರು ಇಸ್ತ್ರಿಪೆಟ್ಟಿಗೆ ಹಿಡಿದ ಕೈಯನ್ನೊಮ್ಮೆ ನಿಲ್ಲಿಸಿದರು. ನಾಚಿಕೆಯಾಯಿತು. ಮೂರು ಉಸಿರಿನಿಂದ ಇಳಿಯುವ ನಾಚಿಕೆಯಲ್ಲ ಅದು.

ನೂರಿಪ್ಪತ್ತು ಪತ್ರಿಕೆ, ಒಂದೊಂದರಲ್ಲೂ ಎಂಟು ಹಾಳೆ! ನಾಲ್ಕೂ ಐವತ್ತಕ್ಕೆ ಕೊನೆಯ ಹಾಳೆ ಇಸ್ತ್ರಿಯ ಕೆಳಗೆ ಬಂತು. ಗುಮಾಸ್ತರ ಕಣ್ಣು ಗಡಿಯಾರದ ಮೇಲೆ, ಮನಸ್ಸು ಫ್ಯಾನಿನ ಕೆಳಗಿನ ಕುರ್ಚಿಯ ಮೇಲೆ. ಚುಂಯ್ ಎಂದು ಸದ್ದಾಗಿ ಸುಟ್ಟ ವಾಸನೆ ಬಂತು. ಪುಣ್ಯಕ್ಕೆ ಅದು ಯಾರೂ ಏನೂ ಬರೆಯದ ಖಾಲಿ ಹಾಳೆ. ನಡುವೆ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದು ಕಲೆ!

ಮೇಷ್ಟ್ರು ಕಲೆ ನೋಡಿದರು, ಗುಮಾಸ್ತರ ಮುಖ ನೋಡಿದರು. ದೂರಿನ ಹಾಳೆ ಎಳೆದುಕೊಂಡು 'ತೃಪ್ತಿಯಾಗಿದೆ' ಎಂದು ಬರೆದು ಸಹಿ ಹಾಕಿದರು. ಕುರ್ಚಿ ಉಳಿಯಿತು! ಗುಮಾಸ್ತರು ಕೈಚಾಚಿದರು. ಆದರೆ ಕೆಳಗೆ 'ಷರಾ' ಎಂದೊಂದು ಖಾಲಿ ಚೌಕವಿತ್ತು. ಮೂವತ್ತು ವರ್ಷದ ಅಭ್ಯಾಸ, ಮೇಷ್ಟ್ರ ಕೆಂಪು ಪೆನ್ನು ತಾನಾಗಿಯೇ ಅದರೊಳಗೆ ನಾಲ್ಕು ಪದ ಬರೆಯಿತು.

'ಒಳ್ಳೆಯ ಪ್ರಯತ್ನ. ಗಮನ ಸಾಲದು.'

ಹೆಂಡತಿ ಒರೆಸುವ ಬಟ್ಟೆ ಕೆಳಗಿಟ್ಟು, ಕೈ ಒರೆಸಿಕೊಂಡು, ಹಾಳೆಯನ್ನು ಬೆಳಕಿಗೆ ಹಿಡಿದು ಓದಿದಳು.

"ಇಪ್ಪತ್ತು ವರ್ಷದಿಂದ ಬಾಯಲ್ಲಿ ಹೇಳ್ತಿದ್ದೆ, ಕೇಳೋರಿರಲಿಲ್ಲ. ಇವತ್ತು ಬರಹದಲ್ಲಿ ಸಿಕ್ತು. ರೀ, ಮೇಡಂಗೆ ಕೊಡೋಕೆ ಮುಂಚೆ ನನಗೊಂದು ಜೆರಾಕ್ಸ್ ತೆಗೆಸಿ!"