ಮುದ್ದಣ್ಣನ ಗದ್ದೆಗೆ ಇಳಿದ ಬೆಂಕಿಯವರಲ್ಲಿ ಒಂದು ಅರಿಕೆ

ಕಾಪು, ಮಾರ್ಚ್ ೧೯೭೯

ಮಾನ್ಯ ಬೆಂಕಿಯವರ ಸನ್ನಿಧಿಗೆ, ಪ್ರಾಥಮಿಕ ಶಾಲೆಯ ನಿವೃತ್ತ ಮಾಸ್ತರ ಯಜ್ಞನಾರಾಯಣನು ಕೆಮ್ಮಿನಿಂದ ಬಿಡುವು ಸಿಕ್ಕಾಗಲೆಲ್ಲ ಕೈಮುಗಿಯುತ್ತ ಮಾಡಿಕೊಳ್ಳುವ ಬಿನ್ನಹ.

ಮಾನ್ಯರೇ, ನಮ್ಮ ಮನೆಯ ಬಚ್ಚಲೊಲೆಯಲ್ಲಿ ತೆಂಗಿನ ಗರಿ, ಸೀಮೆಎಣ್ಣೆ ಕೊಟ್ಟು ಎಷ್ಟು ಉಪಚರಿಸಿದರೂ ಮುಖ ತೋರಿಸದ ಸಂಕೋಚದ ಸ್ವಭಾವ ತಮ್ಮದು. ಅಂಥ ತಾವು ಕಳೆದ ಸೋಮವಾರ ನೆರೆಮನೆಯ ಮುದ್ದಣ್ಣನ ಒಂದೇ ಕಡ್ಡಿಯ ಕರೆಗೆ ಓಗೊಟ್ಟು, ಸುಗ್ಗಿ ಬೆಳೆ ಕೊಯ್ದು ಉಳಿದ ಕೂಳೆಯನ್ನೂ ಅದರ ಮೇಲೆ ಹರವಿದ್ದ ಅಷ್ಟೂ ಬೈಹುಲ್ಲನ್ನೂ ಅರ್ಧ ಗಂಟೆಯಲ್ಲಿ ಪೂರೈಸಿದ ಚುರುಕನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ತಮ್ಮ ಹೊಗೆಯ ಔದಾರ್ಯವೂ ದೊಡ್ಡದು. ಜಾತಿ ಮತ ಕೇಳದೆ ನಮ್ಮ ದೇವರ ಕೋಣೆಗೂ ಆಚೆಮನೆಯ ಒಲಿಂಡಾ ಬಾಯಿಯ ಮಲ್ಲಿಗೆ ತೋಟಕ್ಕೂ ಸಮನಾಗಿ ಹೋಯಿತು. ಅವರ ಮೊಗ್ಗುಗಳು ಅರಳುವ ತೊಂದರೆಯನ್ನೇ ತೆಗೆದುಕೊಳ್ಳದೆ ಕಂದಿದವು. ಸಂಬಳವಿಲ್ಲದೆ ಗದ್ದೆ ಉಳುತ್ತಿದ್ದ ಎರೆಹುಳುಗಳಿಗೆ ತಾವು ಕಾಯಂ ರಜೆ ಕೊಟ್ಟಿರಿ. ಮಣ್ಣೋ, ಈಗ ಹಂಚಿನಂತಿದೆ.

ಇನ್ನು ನನ್ನ ಸ್ವಂತ ಸಂಕಟ. ಹನ್ನೊಂದು ವರ್ಷದಿಂದ ಮುದ್ದಣ್ಣನ ಬೈಹುಲ್ಲು ನಮ್ಮ ದನದ ಹಟ್ಟಿಗೆ, ನಮ್ಮ ದನದ ಗೊಬ್ಬರ ಅವನ ಗದ್ದೆಗೆ ಹೋಗುತ್ತಿತ್ತು, ಲೆಕ್ಕ ಕೇಳಿದವರಿಲ್ಲ. ಈಗ ಮಳೆಗಾಲದಲ್ಲಿ ನಮ್ಮ ಹಸು ಗೌರಿಯ ಮುಂದೆ ಹಾಕಲು ಹುಲ್ಲಿಲ್ಲ. ಆಕೆಯನ್ನು ಕರುವಾಗಿದ್ದಾಗಿನಿಂದ ಸಾಕಿದ ನನ್ನ ಹೆಂಡತಿ ವಸಂತಿಯೇ, ಉಪವಾಸ ಕೆಡವುವುದಕ್ಕಿಂತ ಕೊಡುವುದು ಮೇಲೆಂದು, ಕಾರ್ಕಳದ ದನದ ದಲ್ಲಾಳಿ ವಾಸುವಿಗೆ ಭಾನುವಾರ ಬರಲು ಹೇಳಿ ಕಳಿಸಿದ್ದಾಳೆ. ಅತ್ತ ಮುದ್ದಣ್ಣ ಗೊಬ್ಬರದ ಚೀಲಕ್ಕಾಗಿ ಸೊಸೈಟಿಯ ಮೆಟ್ಟಿಲು ಹತ್ತುತ್ತಿದ್ದಾನೆ. ನನಗಂತೂ ಹೊಟ್ಟೆ ಉರಿಯುತ್ತಿದೆ, ಮಾನ್ಯರೇ. ಅಲ್ಲಿಯೂ ತಾವೇ ಇದ್ದೀರಿ.

ಮುದ್ದಣ್ಣನನ್ನು ದೂರಲಾರೆ. ಕಸ, ತರಗೆಲೆಗೆ ಮಣ್ಣು ಮುಚ್ಚಿ ನಿಧಾನವಾಗಿ ಬೇಯಿಸಿದ ಸುಡುಮಣ್ಣು ಹಾಕಿಯೇ ನಾವೆಲ್ಲ ಬದನೆ ಬೆಳೆದವರು. “ಒಂದು ಕುಪ್ಪೆ ಸುಟ್ಟರೆ ಅಷ್ಟು ಬದನೆ ಉಂಟು, ಇಡೀ ಗದ್ದೆ ಸುಟ್ಟರೆ ಎಂತ ಬೆಳೆ ಬರಲಿಕ್ಕಿಲ್ಲ ಮಾಷ್ಟ್ರೇ?” ಎಂದು ಅವನು ಕೇಳಿದಾಗ ನಾನೂ ತಲೆಯಾಡಿಸಿದ್ದೆ. ತಲೆಯಾಡಿಸಿದ್ದು ಮಾತ್ರವಲ್ಲ, ಹೋದ ವರ್ಷ ಅವನ ಭತ್ತವನ್ನು ಹುಳ ತಿಂದಿದ್ದರಿಂದ ಯಾರೋ ಕೊಟ್ಟ ಕೃಷಿ ಕರಪತ್ರವೊಂದನ್ನು ಅವನ ಜಗಲಿಯಲ್ಲಿ ಕುಳಿತು, ಕನ್ನಡಕ ಏರಿಸಿ, ಗಟ್ಟಿಯಾಗಿ ಓದಿ ಹೇಳಿದವನು ನಾನೇ. ಸುಟ್ಟರೆ ಕಾಂಡಕೊರಕ ಹುಳ ಸಾಯುತ್ತದೆ ಎಂಬಲ್ಲಿಗೆ ಉಡುಪಿ ಬಸ್ಸಿನ ಹಾರನ್ನು ಕೇಳಿ ಎದ್ದು ಓಡಿದೆ. ಹಾಳೆಯ ಹಿಂಬದಿಯಲ್ಲಿ, ಹುಳ ವಿಪರೀತವಿದ್ದ ಗದ್ದೆಯ ಕೂಳೆಯನ್ನು ಮಾತ್ರ ಸುಡಬೇಕು, ಉಳಿದ ಕಡೆ ಉಳುವುದೇ ಲೇಸು, ಬೈಹುಲ್ಲನ್ನಂತೂ ಸುಡಲೇಬಾರದು ಎಂದು ಅಚ್ಚಾಗಿದ್ದನ್ನು ನಿನ್ನೆ ನೋಡಿದೆ. ಮೂವತ್ತು ವರ್ಷ ಮಕ್ಕಳಿಗೆ ಪುಟ ತಿರುಗಿಸಲು ಕಲಿಸಿದವನು ನಾನು.

ಆದ್ದರಿಂದ ತಾವು ತಿಂದ ಹುಲ್ಲನ್ನು ದಯವಿಟ್ಟು ಹಿಂತಿರುಗಿಸಬೇಕು, ಬೂದಿಯನ್ನು ಸ್ವೀಕರಿಸಲಾಗುವುದಿಲ್ಲ. ಅದಾಗದಿದ್ದರೆ, ನೀರಿನ ತೋಡಿನಾಚೆ ಮುದ್ದಣ್ಣನ ಇನ್ನೊಂದು ಗದ್ದೆಯಲ್ಲಿ ಗೌರಿಯ ಮಳೆಗಾಲಕ್ಕೆ ಸಾಲುವಷ್ಟು ಬೈಹುಲ್ಲು ಬಿದ್ದಿದೆ. ಅಲ್ಲಿಗೆ ಗುರುವಾರ ತಮಗೆ ಆಮಂತ್ರಣವಿದೆಯಂತೆ. ಆ ದಿನ ತಮಗೆ ಮೈ ಸರಿಯಿಲ್ಲವೆಂದು ರಜೆ ಹಾಕಬೇಕಾಗಿ ಪ್ರಾರ್ಥನೆ.

ಹತ್ತು ಮಾರು ದೂರದಿಂದ,
ತಮ್ಮ ವಿಶ್ವಾಸಿ,
ಯಜ್ಞನಾರಾಯಣ

ವಿ.ಸೂ.: ತಾವು ಪತ್ರ ಓದುವ ಮೊದಲೇ ನುಂಗುವವರೆಂದು ತಿಳಿದು ಇದರ ಒಂದು ಪ್ರತಿಯನ್ನು ಮುದ್ದಣ್ಣನಿಗೂ ಬರೆದಿಟ್ಟಿದ್ದೇನೆ. ಅವನಿಗೆ ಅಕ್ಷರ ಬಾರದ ಕಾರಣ ನಾಳೆ ಬೆಳಿಗ್ಗೆ ನಾನೇ ಹೋಗಿ ಓದಿ ಹೇಳಬೇಕು. ಪೂರ್ತಿ ಓದುತ್ತೇನೋ ಇಲ್ಲವೋ ಎಂದು ನೋಡಲು ವಸಂತಿಯೂ ಜೊತೆಗೆ ಬರುತ್ತಿದ್ದಾಳೆ.